ಗೆರೆಯೂ ಬರಹವೇ

ಕಂಪ್ಯೂಟರಿಗೆ ಕೆಲಸ ಹೇಳೋದಕ್ಕೆ ಎರಡು ದಾರಿ ಇವೆ. ಒಂದು, ಇಂಗ್ಲಿಷ್ ಅಕ್ಷರದಲ್ಲಿ ಸಾಲು ಸಾಲಾಗಿ ಆಜ್ಞೆ ಬರೆಯೋದು. ಇನ್ನೊಂದು, ಚೌಕ, ಗೆರೆ, ಬಣ್ಣದ ತುಂಡುಗಳನ್ನು ಪರದೆಯ ಮೇಲೆ ಜೋಡಿಸಿ ಅದೇ ಆಜ್ಞೆಯನ್ನು ಚಿತ್ರವಾಗಿ ಬಿಡಿಸೋದು. ಈ ಎರಡನೆಯದಕ್ಕೆ ಗ್ರಾಫಿಕಲ್ ಪ್ರೋಗ್ರಾಮಿಂಗ್ ಅಂತಾರೆ. ಎರಡೂ ಕಡೆ ಯಂತ್ರ ಹೇಳಿದಂತೆ ಕೇಳುತ್ತೆ. ಆದರೆ ಅಕ್ಷರ ಬರೆದವನು ಎಂಜಿನಿಯರು, ಗೆರೆ ಎಳೆದವನು ಮೆಕ್ಯಾನಿಕ್ಕು. ಈ ಮೇಲು ಕೀಳು ಎಲ್ಲಿಂದ ಬಂತು? ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನಾವು ಇದನ್ನ ಕೇಳಲೇಬೇಕಾಗಿದೆ.

ನಾವು ಅಂದರೆ, ಈ ಎರಡು ತಾಲ್ಲೂಕಿನ ಎ.ಕೆ. ಕಾಲೋನಿಗಳಿಂದ, ನೇಕಾರರ ಬೀದಿಗಳಿಂದ, ಕುರಿಹಟ್ಟಿಗಳಿಂದ ಹೊರಟು ಸರ್ಕಾರಿ ಹಾಸ್ಟೆಲಿನಲ್ಲಿ ಉಂಡು, ಐಟಿಐ, ಡಿಪ್ಲೊಮಾ ಓದಿ ಕಾರ್ಖಾನೆ ಸೇರಿದವರು. ಅಲ್ಲಿ ನಮ್ಮ ಕೈಗೆ ಸಿಕ್ಕಿದ್ದು ಪಿಎಲ್‌ಸಿ ಅನ್ನೋ ಪೆಟ್ಟಿಗೆ. ಯಾವ ಮೋಟಾರು ಯಾವಾಗ ತಿರುಗಬೇಕು, ಯಾವಾಗ ನಿಲ್ಲಬೇಕು ಅಂತ ತೀರ್ಮಾನ ಮಾಡೋ ಪುಟ್ಟ ಕಂಪ್ಯೂಟರು ಅದು. ಅದಕ್ಕೆ ಬುದ್ಧಿ ಹೇಳೋ ಭಾಷೆ ಲ್ಯಾಡರ್, ಅಂದರೆ ಏಣಿ. ಎರಡು ಕಂಬ, ನಡುವೆ ಮೆಟ್ಟಿಲು. ಮೆಟ್ಟಿಲಿನ ಎಡಕ್ಕೆ ಷರತ್ತು, ಬಲಕ್ಕೆ ಕೆಲಸ. ‘ಬಾಗಿಲು ಮುಚ್ಚಿರಬೇಕು, ಬಟನ್ ಒತ್ತಿರಬೇಕು, ಆಗ ಮಾತ್ರ ಮೋಟಾರು ತಿರುಗಲಿ’ ಅನ್ನೋದು ಒಂದು ಮೆಟ್ಟಿಲು. 1968-69ರಲ್ಲಿ ಅಮೆರಿಕದಲ್ಲಿ ಡಿಕ್ ಮಾರ್ಲಿ ಮತ್ತವರ ಜೊತೆಗಾರರು ಮೋಡಿಕಾನ್ ಎಂಬ ಪಿಎಲ್‌ಸಿ ಕಟ್ಟಿದಾಗ, ಕಾರ್ಖಾನೆಯ ಎಲೆಕ್ಟ್ರಿಷಿಯನ್ನರಿಗೆ ಆಗಲೇ ಗೊತ್ತಿದ್ದ ರಿಲೇ ನಕ್ಷೆಯನ್ನೇ ಭಾಷೆ ಮಾಡಿದರು. ಕೆಲಸಗಾರ ಹೊಸ ಭಾಷೆ ಕಲಿಯೋ ಬದಲು ಯಂತ್ರವೇ ಕೆಲಸಗಾರನ ಭಾಷೆ ಕಲಿಯಿತು. ಇಂಥದ್ದು ಚರಿತ್ರೆಯಲ್ಲಿ ಅಪರೂಪ.

ಈ ವಿದ್ಯೆ ಹಿಡಿದು ನಮ್ಮಲ್ಲೊಬ್ಬ ಒಂದು ಸಾಫ್ಟ್‌ವೇರ್ ಕಂಪನಿಯ ಸಂದರ್ಶನಕ್ಕೆ ಹೋದ. ‘ಕೋಡಿಂಗ್ ಬರುತ್ತೇನಪ್ಪಾ?’ ಅಂದರು. ‘ಬರುತ್ತೆ ಸಾರ್, ಮೂರು ವರ್ಷದಿಂದ ಲ್ಯಾಡರ್‌ನಲ್ಲಿ ಮಾಡ್ತಿದೀನಿ’ ಅಂದ. ‘ಅದು ಡ್ರಾಯಿಂಗ್ ಕಣಪ್ಪಾ, ಕೋಡಿಂಗ್ ಅಲ್ಲ’ ಅಂತ ಕಾಗದ ಮಡಚಿ ಕೊಟ್ಟರು. ಅವನು ಬಿಡಿಸಿದ ಏಣಿಯಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಪ್ರೆಸ್ಸಿನ ಕೆಳಗೆ ಒಬ್ಬನ ಕೈ ಹೋಗುತ್ತೆ. ಆದರೂ ಅದು ಡ್ರಾಯಿಂಗು!

ಡ್ರಾಯಿಂಗ್ ಅನ್ನೋ ಮಾತು ಬಂದಾಗ ನಮಗೆ ಮೊಳಕಾಲ್ಮೂರಿನ ಮಗ್ಗ ನೆನಪಾಗುತ್ತೆ. ಇಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಸೆರಗಿನ ಹೂವು, ಹಣ್ಣು, ಪ್ರಾಣಿ ಮಗ್ಗಕ್ಕೆ ಹೇಗೆ ಗೊತ್ತಾಗುತ್ತೆ? ಜಕಾರ್ಡ್ ಮಗ್ಗದ ಕೆಲಸ ಹೀಗೆ: ಮೊದಲು ಗ್ರಾಫ್ ಕಾಗದದ ಮೇಲೆ ಚಿತ್ರ ಬಿಡಿಸಬೇಕು. ಒಂದೊಂದು ಚೌಕವೂ ಹಾಸು ಹೊಕ್ಕು ಸೇರೋ ಒಂದೊಂದು ಜಾಗ. ಚೌಕ ತುಂಬಿದ್ದರೆ ಎಳೆ ಮೇಲೇಳಬೇಕು, ಖಾಲಿ ಇದ್ದರೆ ಕೆಳಗಿರಬೇಕು. ಅದನ್ನ ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೀತಾರೆ. ಒಂದು ಕಾರ್ಡು ಅಂದರೆ ಲಾಳಿಯ ಒಂದು ಓಟ. ಹೌದು-ಇಲ್ಲ, ಹೌದು-ಇಲ್ಲ ಅಂತ ಸಾವಿರಾರು ಸಲ ಹೇಳಿ ಒಂದು ಹೂ ಅರಳಿಸ್ತಾರೆ. ಇದಕ್ಕಿಂತ ಬೇರೆ ಪ್ರೋಗ್ರಾಮು ಯಾವುದಪ್ಪಾ? 1804ರಲ್ಲಿ ಫ್ರಾನ್ಸಿನ ಜಕಾರ್ಡ್ ರೂಪಿಸಿದ ಈ ಕಾರ್ಡನ್ನೇ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎರವಲು ತಗೊಂಡ. 1843ರಲ್ಲಿ ಆ ಯಂತ್ರದ ಬಗ್ಗೆ ಬರೆದ ಏಡಾ ಲವ್‌ಲೇಸ್ ಅದನ್ನ ನೇಯ್ಗೆಗೇ ಹೋಲಿಸಿದಳು. ಅಂದರೆ ಕಂಪ್ಯೂಟರಿನ ವಂಶಾವಳಿಯಲ್ಲಿ ಮಗ್ಗ ಐತೆ. ಆದರೆ ಮಗ್ಗದವರನ್ನ ಯಾರೂ ಪ್ರೋಗ್ರಾಮರ್ ಅನ್ನಲಿಲ್ಲ. ಅವರದ್ದು ‘ಕೈಕಸುಬು’ ಆಯಿತು.

ಅದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆಶಾಸನ ಐತೆ. ಕ್ರಿ.ಪೂ. 3ನೇ ಶತಮಾನದ್ದು, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಅದರ ಕೊನೆಗೆ ಬರೆದವನ ಹೆಸರಿದೆ: ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೂ ತಾನು ‘ಲಿಪಿಕಾರ’ ಅನ್ನೋ ಪದವನ್ನ ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಇಲ್ಲಿನವರಿಗೆ ಓದಿಸೋಕೆ ಅಲ್ಲ, ತನ್ನ ವಿದ್ಯೆ ತೋರಿಸೋಕೆ ಇರಬೇಕು. ಅಕ್ಷರ ಬರೆದವನ ಹೆಸರು ಎರಡು ಸಾವಿರ ವರ್ಷ ಉಳಿಯಿತು. ಸೀರೆಯ ಮೇಲೆ ನೇಯ್ದವರ ಹೆಸರು ಎರಡು ದಿನವೂ ಉಳಿಯಲ್ಲ. ಅಕ್ಷರದವನಿಗೆ ಮರ್ಯಾದೆ, ಕೈಯವನಿಗೆ ಕೂಲಿ ಅನ್ನೋ ಈ ಅಭ್ಯಾಸ ಕಂಪ್ಯೂಟರಿಗಿಂತ ಬಹಳ ಹಳೇದು.

ಒಂದು ಮಾತು ಸ್ಪಷ್ಟ ಮಾಡ್ತೀವಿ. ಚಿತ್ರದಲ್ಲಿ ಪ್ರೋಗ್ರಾಮ್ ಬರೆದವನಿಗೆ ಆಗೋ ಅಗೌರವವನ್ನ ಅಸ್ಪೃಶ್ಯತೆಗೆ ಸಮ ಮಾಡಿ ಹೇಳೋದಿಲ್ಲ. ಅವನಿಗೆ ಯಾರೂ ಬಾವಿ ಮುಚ್ಚಿಲ್ಲ, ಬೇರೆ ಲೋಟ ಇಟ್ಟಿಲ್ಲ. ಆದರೆ ಕೆಲಸವನ್ನ ಬಿಟ್ಟು ಕೆಲಸ ಮಾಡೋನನ್ನ ತೂಗೋ ತಕ್ಕಡಿ ಮಾತ್ರ ಅದೇ ಅಂಗಡಿಯದ್ದು.

ಪುರಾವೆ ಬೇಕೇ? 1946ರಲ್ಲಿ ಹೊರಜಗತ್ತಿಗೆ ತೋರಿಸಿದ ಎನಿಯಾಕ್ ಎಂಬ ಕಂಪ್ಯೂಟರಿಗೆ ಪ್ರೋಗ್ರಾಮ್ ಮಾಡಿದವರು ಆರು ಜನ ಹೆಂಗಸರು. ಮಾಡಿದವರು ಹೆಂಗಸರಾದ್ದರಿಂದ ಅದು ಗುಮಾಸ್ತಿಕೆಯಾಗಿ ಕಂಡಿತು; ಅವರ ಹೆಸರು ದಶಕಗಳ ಕಾಲ ಹೊರಗೆ ಬರಲಿಲ್ಲ. 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಗೆಳೆಯರು ಫೋರ್ಟ್ರಾನ್ ಭಾಷೆ ತಂದು ಗಣಿತದ ಸೂತ್ರದ ಹಾಗೆ ಬರೆದರೆ ಸಾಕು ಅಂದಾಗ, ಯಂತ್ರದ ಅಂಕಿಗಳಲ್ಲೇ ಬರೀತಿದ್ದವರು ಮೂಗು ಮುರಿದರು. ಆ ಕಾಲದ ಪ್ರೋಗ್ರಾಮರರು ತಮ್ಮನ್ನು ಪುರೋಹಿತರ ಹಾಗೆ ಭಾವಿಸಿಕೊಂಡಿದ್ದರು ಅಂತ ಬ್ಯಾಕಸ್ ತಾವೇ ಮುಂದೆ ಬರೆದಿದ್ದಾರೆ. ಈವತ್ತು ಚಿತ್ರವನ್ನ ಕಂಡು ನಗೋ ಅಕ್ಷರದವರು, ನಿನ್ನೆ ನಗಿಸಿಕೊಂಡವರ ಮೊಮ್ಮಕ್ಕಳು.

ಇನ್ನೂ ದೊಡ್ಡ ಪುರಾವೆ ಆಕಾಶದಲ್ಲೈತೆ. ಏರ್‌ಬಸ್ ಎ380 ವಿಮಾನದ ಹಾರಾಟ ನಿಯಂತ್ರಿಸೋ ತಂತ್ರಾಂಶವನ್ನ ಸ್ಕೇಡ್ ಎಂಬ ಸಾಧನದಲ್ಲಿ ಚೌಕ ಗೆರೆಗಳ ಚಿತ್ರವಾಗಿ ಬಿಡಿಸಿ, ಅದರಿಂದ ಅಕ್ಷರದ ಕೋಡನ್ನ ಯಂತ್ರದಿಂದಲೇ ಬರೆಸಿದರು. ಅದನ್ನ ಯಾರೂ ಆಟ ಅನ್ನಲ್ಲ. ವಿಮಾನದ ಎಂಜಿನಿಯರು ಬಿಡಿಸಿದರೆ ಅದು ‘ಮಾಡೆಲ್’, ಎಲೆಕ್ಟ್ರಿಷಿಯನ್ ಬಿಡಿಸಿದರೆ ‘ಡ್ರಾಯಿಂಗ್’, ಸರ್ಕಾರಿ ಶಾಲೆಯ ಹುಡುಗಿ ಬಿಡಿಸಿದರೆ ‘ಆಟ’. ಗೆರೆ ಒಂದೇ, ಹೆಸರು ಮೂರು.

ಹಾಗಂತ ಎದುರುಗಡೆಯವರ ಮಾತಲ್ಲಿ ಹುರುಳಿಲ್ಲ ಅಂದರೆ ಅದು ಬಂಡಾಯ ಆಗಲ್ಲ, ಹಟ ಆಗುತ್ತೆ. ಫ್ರೆಡ್ ಬ್ರೂಕ್ಸ್ 1986ರಲ್ಲೇ ಹೇಳಿದ್ದರು: ಮನೆಗೆ ನಕ್ಷೆ ಇರೋ ಹಾಗೆ ತಂತ್ರಾಂಶಕ್ಕೆ ಒಂದೇ ಆಕಾರ ಇಲ್ಲ, ಒಂದು ಚಿತ್ರ ಅದರ ಒಂದು ಮುಖ ಮಾತ್ರ ತೋರಿಸುತ್ತೆ. 1992ರಲ್ಲಿ ಥಾಮಸ್ ಗ್ರೀನ್, ಮೇರಿಯನ್ ಪೀಟರ್ ಇಬ್ಬರೂ ಪರೀಕ್ಷೆ ಮಾಡಿ ನೋಡಿದಾಗ, ಲ್ಯಾಬ್‌ವ್ಯೂ ಎಂಬ ಚಿತ್ರಭಾಷೆಯ ಪ್ರೋಗ್ರಾಮನ್ನು ಓದಿ ಅರ್ಥ ಮಾಡಿಕೊಳ್ಳೋಕೆ ಅಕ್ಷರಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹತ್ತು ಚೌಕ ಇದ್ದಾಗ ಚೆಂದ. ಸಾವಿರ ಆದಾಗ ಜಾತ್ರೆಯಲ್ಲಿ ಮಗು ಹುಡುಕಿದ ಹಾಗೆ. ಅಕ್ಷರದಲ್ಲಿ ಒಂದು ಪದ ಹುಡುಕಬಹುದು. ನಿನ್ನೆಯದಕ್ಕೂ ಇವತ್ತಿನದಕ್ಕೂ ಎಲ್ಲಿ ವ್ಯತ್ಯಾಸ ಅಂತ ಸಾಲು ಸಾಲಾಗಿ ತಾಳೆ ನೋಡಬಹುದು. ಹತ್ತು ಜನ ತಿದ್ದಿದ್ದನ್ನ ಒಟ್ಟಿಗೆ ಸೇರಿಸಬಹುದು. ಚಿತ್ರದಲ್ಲಿ ಒಂದು ಚೌಕವನ್ನ ಸುಮ್ಮನೆ ಪಕ್ಕಕ್ಕೆ ಸರಿಸಿದರೂ ಎಷ್ಟೋ ಸಲ ಫೈಲು ಬದಲಾಗಿಬಿಡುತ್ತೆ.

ಆದರೆ ಈ ದೋಷಗಳಲ್ಲಿ ಅರ್ಧ ಚಿತ್ರದ್ದು, ಅರ್ಧ ಮಾಲೀಕರದ್ದು. ಅಕ್ಷರವನ್ನ ತಾಳೆ ನೋಡೋ ‘ಡಿಫ್’ ಎಂಬ ಸಾಧನ 1974ರಲ್ಲೇ ಯೂನಿಕ್ಸ್‌ನಲ್ಲಿ ಇತ್ತು. 2005ರಲ್ಲಿ ‘ಗಿಟ್’ ಬಂತು, ಅದೂ ಪುಕ್ಕಟೆ. ಅಷ್ಟೂ ವರ್ಷದ ದುಡಿಮೆ ಅಕ್ಷರದ ಬೆನ್ನಿಗಿದೆ. ನಮ್ಮ ಏಣಿಯ ಚಿತ್ರಗಳೋ, ಆಯಾ ಕಂಪನಿಯ ಪೆಟ್ಟಿಗೆಯಲ್ಲಿ, ಆಯಾ ಕಂಪನಿಯ ಬೀಗದಲ್ಲಿ. ಲೈಸೆನ್ಸ್ ಮುಗಿದರೆ ನಾವೇ ಬಿಡಿಸಿದ್ದು ನಮಗೇ ತೆರೆಯಲ್ಲ. ಬೀಗ ಹಾಕಿದ ವಿದ್ಯೆ ಬೆಳೆಯಲಿಲ್ಲ ಅಂತ ವಿದ್ಯೆಯನ್ನೇ ಬೈಯೋದು ಯಾವ ನ್ಯಾಯ?

ಈ ಜಗಳ ಕಾರ್ಖಾನೆಗೇ ಮುಗಿದಿದ್ದರೆ ಇಷ್ಟು ಬರೀತಿರಲಿಲ್ಲ. ಇದು ಈಗ ಶಾಲೆಗೆ ಬಂದಿದೆ. 2007ರಲ್ಲಿ ಅಮೆರಿಕದ ಎಂಐಟಿಯಿಂದ ಹೊರಬಂದ ಸ್ಕ್ರ್ಯಾಚ್‌ನಲ್ಲಿ ಮಕ್ಕಳು ಬಣ್ಣದ ತುಂಡು ಜೋಡಿಸಿ ಪ್ರೋಗ್ರಾಮ್ ಮಾಡ್ತಾರೆ. ಹೊಂದದ ತುಂಡು ಕೂಡಿಕೊಳ್ಳೋದೇ ಇಲ್ಲ. ಪೈಥಾನಿನಲ್ಲಿ ಒಂದು ಚುಕ್ಕೆ ಬಿಟ್ಟರೆ ಇಂಗ್ಲಿಷಿನಲ್ಲಿ ಬೈಗುಳ ಬರುತ್ತೆ. ಕನ್ನಡ ಶಾಲೆಯ ಮಗುವಿಗೆ ತಾನು ತಪ್ಪಿದ್ದು ಲೆಕ್ಕದಲ್ಲೋ ಇಂಗ್ಲಿಷಿನಲ್ಲೋ ತಿಳಿಯಲ್ಲ. ಅಮೆರಿಕದ ಪ್ರೌಢಶಾಲಾ ಮಕ್ಕಳ ನಡುವೆ ವೈನ್‌ಟ್ರಾಪ್, ವಿಲೆನ್ಸ್ಕಿ ಎಂಬ ಸಂಶೋಧಕರು ನಡೆಸಿದ ಅಧ್ಯಯನ ನೋಡಿ. ಮೊದಲ ಐದು ವಾರ ತುಂಡು ಜೋಡಿಸಿ ಕಲಿತವರು ಅಕ್ಷರದಲ್ಲಿ ಕಲಿತವರಿಗಿಂತ ಮುಂದಿದ್ದರು. ಆಮೇಲೆ ಎಲ್ಲರೂ ಹತ್ತು ವಾರ ಜಾವಾ ಕಲಿತಾಗ ಅಂತರ ಅಳಿಸಿತು. ಅಂದರೆ ಚಿತ್ರದಿಂದ ಹತ್ತಿದವರು ಹಿಂದೆ ಬೀಳಲಿಲ್ಲ. ಆದರೂ, ಇದು ಸುಲಭ, ಆದರೆ ನಿಜವಾದ ಪ್ರೋಗ್ರಾಮಿಂಗ್ ಅಲ್ಲ ಅನ್ನೋ ಭಾವನೆ ಆ ಮಕ್ಕಳಲ್ಲೇ ಕಂಡುಬಂತು. ಕೀಳರಿಮೆ ಎಷ್ಟು ಬೇಗ ಅಂಟುತ್ತೆ ನೋಡಿ!

ಇಲ್ಲೇ ನಮಗೆ ಭಯ ಇರೋದು. ‘ಹಳ್ಳಿ ಮಕ್ಕಳಿಗೆ ಚಿತ್ರ ಸಾಕು, ಅಕ್ಷರ ಪೇಟೆಯವರಿಗಿರಲಿ’ ಅಂತ ನಾಳೆ ಎರಡು ಪಂಕ್ತಿ ಹಾಕಿಬಿಡಬಹುದು. ಸಂಬಳದ ಬಾಗಿಲು ಇವತ್ತಿಗೂ ಅಕ್ಷರದ ಕಡೆಗೇ ತೆರೆಯೋದು. ಅಕ್ಷರವನ್ನ ಶತಮಾನಗಳ ಕಾಲ ಕಸಿದುಕೊಂಡಿದ್ದ ಈ ನಾಡಿನಲ್ಲಿ, ಚಿತ್ರದ ಹೆಸರಲ್ಲಿ ಮತ್ತೊಮ್ಮೆ ಅದನ್ನ ಕಸಿಯೋಕೆ ಬಿಡಬಾರದು. ನಮಗೆ ಎರಡೂ ಬೇಕು.

ಕೇಳೋ ಹಕ್ಕೂ ನಮಗಿದೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ನಮ್ಮ ಕುರಿ ದನ ಮೇಯ್ತಿದ್ದ ಸಾವಿರಾರು ಎಕರೆಯನ್ನ ವಿಜ್ಞಾನದ ಹೆಸರಲ್ಲಿ ತಗೊಂಡು ಗೋಡೆ ಕಟ್ಟಿದರು. ಹಳ್ಳಿಗರು ಬೀದಿಗಿಳಿದರು, 2013ರಲ್ಲಿ ವಿಷಯ ಹಸಿರು ನ್ಯಾಯಮಂಡಳಿಯ ಮುಂದೆ ಇತ್ತು. ಅಲ್ಲೇ ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗ್ರಾಮೀಣ ಶಿಕ್ಷಕರಿಗೆ ತರಬೇತಿಯೂ ನಡೆದಿದೆ. ಹುಲ್ಲು ಕೊಟ್ಟ ಊರಿಗೆ ವಿದ್ಯೆ ಬರಲಿ, ಪೂರಾ ಬರಲಿ.

ಮೇಷ್ಟ್ರುಗಳೇ, ಮೇಡಂಗಳೇ, ನಿಮ್ಮಲ್ಲಿ ನಮ್ಮ ಬೇಡಿಕೆ ಇಷ್ಟು. ಮಗು ತುಂಡು ಜೋಡಿಸಿದ್ದನ್ನ ‘ಆಟ ಸಾಕು’ ಅಂತ ಅಳಿಸಬೇಡಿ. ‘ಇದು ಯಾಕೆ ಹೀಗೆ ಮಾಡಿದೆ, ಓದಿ ಹೇಳು’ ಅಂತ ಕೇಳಿ. ಅದೇ ಆಜ್ಞೆಯನ್ನ ಪಕ್ಕದಲ್ಲಿ ಅಕ್ಷರದಲ್ಲಿ ಬರೆಸಿ. ಒಂದು ದಿನ ಮಕ್ಕಳನ್ನ ಮೊಳಕಾಲ್ಮೂರಿನ ಮಗ್ಗದ ಮನೆಗೆ ಕರೆದುಕೊಂಡು ಹೋಗಿ, ತೂತಿನ ಕಾರ್ಡು ಮುಟ್ಟಿಸಿ, ಒಂದು ಸಾಲು ಓದಿಸಿ. ಓದಿ ತೋರಿಸೋ ನೇಕಾರರ ಹೆಸರನ್ನ ಆ ದಿನ ಕಪ್ಪುಹಲಗೆಯ ಮೇಲೆ, ಗುರುಗಳ ಹೆಸರು ಬರೆಯೋ ಜಾಗದಲ್ಲಿ ಬರೆಯಿರಿ.