ಬಿಟ್ಟು ಮಡಗಿದ ಜಾಗೆ

ಕಳುದ ಆಯಿತವಾರ ಬಂಟ್ವಾಳದ ಎಂಗಳ ಮನೆಲಿ ಪೂಜೆ. ಮೂಡಬಿದ್ರೆಲಿ ಹಾಸ್ಟೆಲಿಲಿ ಕೂದು ಪಿಯುಸಿ ಓದುವ ತಮ್ಮನ ಮಗಳುದೆ ಬಂದಿತ್ತು. ಹಂತಿಗೆ ಬಾಳೆಲೆ ಹಾಕುವಗ ಆನು ನಡುಗೆ ಎರಡು ಎಲೆಯಷ್ಟು ಜಾಗೆ ಬಿಟ್ಟೆ.

“ಅತ್ತೆ, ಅದು ಆರಿಂಗೆ?”

“ಬೆಳ್ತಂಗಡಿ ಭಾವಂದ್ರು ದಾರಿಲಿ ಇದ್ದವು. ಬಂದರೆ ಅಲ್ಲಿಯೇ ಕೂರೆಕ್ಕಲ್ದಾ.”

“ಮೆಂಡಲೀವನ ಹಾಂಗೆ!” ಹೇಳಿ ನೆಗೆ ಮಾಡಿತ್ತು.

ಎನಗೆ ನೆಗೆ ಬಯಿಂದಿಲ್ಲೆ. 1986ರಲ್ಲಿ ಪಿಯುಸಿ ಕ್ಲಾಸಿಲಿ ಆನು ಕೇಳಿದ್ದುದೆ ಅದನ್ನೇ: ಮೆಂಡಲೀವನ ಪಟ್ಟಿಲಿ ಜಾಗೆ ಖಾಲಿ ಎಂತಕೆ? ಹತ್ತನೆ ವರೆಗೆ ಕನ್ನಡಲ್ಲಿ ಕಲ್ತ ಕೂಸು, ಇಂಗ್ಲಿಷಿಲಿ ತಡವರಿಸಿಗೊಂಡು ಕೇಳಿದೆ. “ಪ್ರಿಂಟಿನವು ಮರದಿಕ್ಕು” ಹೇಳಿದವು ಪಾಠ ಮಾಡುವವು. ಕ್ಲಾಸು ಪೂರ ನೆಗೆ. ಮತ್ತೆ ಆನು ಬಾಯಿ ಬಿಟ್ಟಿದಿಲ್ಲೆ. ಪಿಯುಸಿ ಆತು, ಮದುವೆ ಆತು.

ಇರುಳು ಪಾತ್ರೆ ಉದ್ದಿಗೊಂಡು ಕೂಸು ಪೂರ ಕತೆ ಹೇಳಿತ್ತು. ಜರ್ಮನಿಯ ಡೋಬರೈನರ್ 1829ರಲ್ಲಿ ಧಾತುಗಳ ಮೂರು ಮೂರಾಗಿ ಕಟ್ಟಿ ನೋಡಿದ°. ಲಿಥಿಯಂ 7, ಪೊಟಾಸಿಯಂ 39, ಕೂಡಿ ಅರ್ಧ ಮಾಡಿರೆ 23. ಅದು ನಡುಗಾಣ ಸೋಡಿಯಂನ ತೂಕ! ಚೆಂದವೇ, ಆದರೆ ಹೀಂಗೆ ಸೇರಿದ್ದು ಕೆಲವೇ ಕೆಲವು. ಇಂಗ್ಲೆಂಡಿನ ನ್ಯೂಲ್ಯಾಂಡ್ಸ್ 1865ರಲ್ಲಿ ತೂಕದ ಕ್ರಮಲ್ಲಿ ನಿಲ್ಲುಸಿ, ಎಂಟನೆಯದು ಸುರುವಾಣದ್ದರ ಹಾಂಗೆ ಇದ್ದು, ಸರಿಗಮಲ್ಲಿ ಮೇಗಾಣ ‘ಸ’ ಬಂದ ಹಾಂಗೆ, ಹೇಳಿದ°. ಮರುವರ್ಷ ಲಂಡನ್ನಿನ ಸಭೆಲಿ ಫಾಸ್ಟರ್ ಹೇಳುವ ಪ್ರೊಫೆಸರ್, “ಎಬಿಸಿ ಕ್ರಮಲ್ಲಿ ಮಡಗಿ ನೋಡಿದ್ದಿರೋ?” ಹೇಳಿ ಕೇಳಿದವಡ. (ಅಲ್ಲಿಯುದೆ ಅದೇ ಕತೆ ನೋಡಿ.) ಅವಂಗೆ ರಾಯಲ್ ಸೊಸೈಟಿಯ ಪದಕ ಸಿಕ್ಕುವಗ 1887. ಅವನ ತಪ್ಪುದೆ ಇತ್ತು. ಆ ಪಟ್ಟಿಲಿ ಜಾಗೆ ಬಿಡದ್ದೆ, ಕೋಬಾಲ್ಟು ನಿಕಲ್ಲು ಎರಡರನ್ನೂ ಒಂದೇ ಎಲೆಲಿ ಉಂಬಲೆ ಕೂರುಸಿದ್ದ°.

ರಷ್ಯಾದ ಮೆಂಡಲೀವ್ 1869ರಲ್ಲಿ ಹಾಂಗೆ ಮಾಡಿದ್ದನಿಲ್ಲೆ. ಬಪ್ಪಲೆ ಬಾಕಿ ಇದ್ದವು ಹೇಳಿ ಜಾಗೆ ಬಿಟ್ಟ°. ಮತ್ತೆ ಆ ಬಾರದ್ದವಕ್ಕೆ ಹೆಸರುದೆ ಮಡಗಿದ°: ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್. ನಮ್ಮ ಸಂಸ್ಕೃತದ ‘ಏಕ’ವೇ ಅದು! ಸಿಲಿಕಾನಿಂದ ಒಂದು ಮನೆ ಮುಂದೆ ಹೇಳಿ ಲೆಕ್ಕ. ಅದರ ತೂಕ 72 ಇಕ್ಕು ಹೇಳಿ ಬರದು ಮಡಗಿದ°. 1886ರಲ್ಲಿ ಜರ್ಮೇನಿಯಂ ಸಿಕ್ಕಿತ್ತು, ತೂಕ 72.6. ಆನು ಕ್ಲಾಸಿಲಿ ಕೇಳುವಗ ಅದು ಬಂದು ಕೂದು ಸರೀ ನೂರು ವರ್ಷ ಆಗಿತ್ತು.

ಕೂಸು ಕೈ ಉದ್ದಿಗೊಂಡು ಮೆಲ್ಲಂಗೆ ಹೇಳಿತ್ತು, “ಹೈಡ್ರೋಜನ್ ನಿಜವಾಗಿ ಯಾವ ಸಾಲಿಲಿ ಕೂರೆಕ್ಕು ಹೇಳಿ ಎನಗೆ ಗೊಂತಾಯಿದಿಲ್ಲೆ ಅತ್ತೆ. ಕ್ಲಾಸಿಲಿ ಕೇಳಿರೆ ನೆಗೆ ಮಾಡುಗೋ?”

“ಮಾಡುಗು. ಕೇಳು,” ಹೇಳಿದೆ.

ಸೋಮವಾರ ಉದಿಯಪ್ಪಗ ಬಸ್ಸಿಂಗೆ ಹತ್ತುಸಿಕ್ಕಿ ಬಂದೆ. ಫೋನು ಇನ್ನುದೆ ಬಯಿಂದಿಲ್ಲೆ.