ಅಂಕೆಯ ಕಲ್ಲುಗಳ ಮುಂದೆ

ಅಮೆರಿಕದ ವರ್ಜೀನಿಯಾ ಸಂಸ್ಥಾನದಲ್ಲಿ ಫ್ರೆಡರಿಕ್ಸ್‌ಬರ್ಗ್ ಎಂಬ ಊರು. ಅದರ ಮಗ್ಗುಲಿಗೆ ಮೇರೀಸ್ ಹೈಟ್ಸ್ ಎಂಬ ಗುಡ್ಡ. ಗುಡ್ಡವೆಂದರೆ ದೊಡ್ಡದೇನಲ್ಲ, ನನ್ನಂಥ ವಯಸ್ಸಾದವನೂ ಏದುಸಿರಿಲ್ಲದೆ ಹತ್ತಬಹುದು. 1862ರ ಡಿಸೆಂಬರ್ 13ರಂದು ದಕ್ಷಿಣದವರು ಇದರ ನೆತ್ತಿಯಲ್ಲಿ ಫಿರಂಗಿಗಳನ್ನಿಟ್ಟು, ಬುಡದ ಕಲ್ಲುಗೋಡೆಯ ಹಿಂದೆ ಕೋವಿ ಹಿಡಿದು ಕುಳಿತಿದ್ದರು. ಉತ್ತರದ ಸೈನ್ಯ ಬಟ್ಟಬಯಲಿನಲ್ಲಿ ಅಲೆಯ ಮೇಲೆ ಅಲೆಯಾಗಿ ಬಂತು. ಒಬ್ಬನೂ ಗೋಡೆ ಮುಟ್ಟಲಿಲ್ಲ.

ಈಗ ಗುಡ್ಡದ ಮೇಲೆ ಉತ್ತರದ ಸೈನಿಕರ ರುದ್ರಭೂಮಿ. ಸುತ್ತಣ ನಾಲ್ಕಾರು ಕದನಗಳಲ್ಲಿ ಮಡಿದ 15,000ಕ್ಕೂ ಮಿಕ್ಕಿದ ಜನ ಅಲ್ಲಿದ್ದಾರೆ. ದಕ್ಷಿಣದವರಿಗೆ ಊರೊಳಗೆ ಬೇರೆ ಜಾಗ. ಯುದ್ಧ ಮುಗಿದ ಮೇಲೂ ಹೆಣಗಳ ನಡುವೆ ರಾಜಿಯಾಗಲಿಲ್ಲವೆನ್ನಿ.

ಮೇ ತಿಂಗಳ ಕೊನೆಯ ಸೋಮವಾರ ಆ ದೇಶದಲ್ಲಿ ಮಡಿದ ಯೋಧರ ಸ್ಮರಣೆಯ ದಿನ. ಅದರ ಹಿಂದಿನ ಶನಿವಾರ ಸ್ಕೌಟ್ ಹುಡುಗ ಹುಡುಗಿಯರು ಇಲ್ಲಿ ತಲೆಗೊಂದರಂತೆ ಮೇಣದ ಬತ್ತಿಯಿಡುವುದನ್ನು ನೋಡಲು ಹೋಗಿದ್ದೆ. ದೀಪ ಹಚ್ಚುವುದು ನಮಗೆ ಹೊಸದಲ್ಲ. ಆದರೆ ಮಕ್ಕಳಿಗೆ ಸಮವಸ್ತ್ರ ತೊಡಿಸಿ ಯುದ್ಧಭೂಮಿಗೆ ಕರೆತಂದರೆ ನನಗೆ ಒಳಗೊಳಗೇ ಅಳುಕು. ಸ್ಕೌಟ್ ಚಳವಳಿಯನ್ನು ಹುಟ್ಟುಹಾಕಿದ ಬೇಡನ್ ಪೊವೆಲ್ಲನೇ ಸೇನಾನಿಯಲ್ಲವೆ? ತುತ್ತೂರಿ, ಬಾವುಟ, ಭಾಷಣ ಇವೇ ಇದ್ದಾವೆಂದುಕೊಂಡಿದ್ದೆ.

ಅಲ್ಲಿ ನಡೆಯುತ್ತಿದ್ದುದು ಎಣಿಕೆ.

ಹೆಸರು ಗೊತ್ತಿದ್ದವರಿಗೆ ಎತ್ತರದ ಕಲ್ಲು. ಅಂಥವರು ಕಡಿಮೆ. 12,000ಕ್ಕೂ ಹೆಚ್ಚು ಮಂದಿಯ ಗುರುತೇ ಸಿಕ್ಕಲಿಲ್ಲ. ಆಗ ಸೈನಿಕರ ಕೊರಳಿಗೆ ಸರ್ಕಾರದ ಗುರುತಿನ ಬಿಲ್ಲೆ ಇರಲಿಲ್ಲ. ಚಳಿಗೆ ನಡುಗುತ್ತಿದ್ದ ಎದುರಾಳಿಗಳು ಸತ್ತವರ ಮೈಮೇಲಿನ ಬಟ್ಟೆಯನ್ನೂ ಬಿಚ್ಚಿಕೊಂಡರು. ಅವಸರದಲ್ಲಿ ಹೂತ ದೇಹಗಳನ್ನು ಯುದ್ಧ ಮುಗಿದ ಮೇಲೆ ಅಗೆದು ಈ ಗುಡ್ಡಕ್ಕೆ ತರುವ ಹೊತ್ತಿಗೆ ಉಳಿದದ್ದು ಎಲುಬು. ಅವರಿಗೆ ನೆಲಮಟ್ಟದ ಚಿಕ್ಕ ಚೌಕದ ಕಲ್ಲು. ಅದರ ಮೇಲೆ ಎರಡು ಅಂಕೆ. ಮೇಲಿನದು ಗುಂಡಿಯ ನಂಬರು, ಕೆಳಗಿನದು ಆ ಗುಂಡಿಯಲ್ಲಿ ಎಷ್ಟು ಮಂದಿ ಎಂಬುದು.

ಮಕ್ಕಳು ಬಗ್ಗಿ ಕೆಳಗಿನ ಅಂಕೆಯನ್ನೋದಿ, ಅಷ್ಟೇ ಕಾಗದದ ಚೀಲಗಳನ್ನು ಇಡುತ್ತಿದ್ದರು. ಚೀಲದೊಳಗೆ ಹಿಡಿ ಮರಳು, ಮರಳಿನಲ್ಲಿ ಬತ್ತಿ. ಹತ್ತು ವರ್ಷದ ಹುಡುಗಿಯೊಬ್ಬಳು 2 ಎಂದಿದ್ದ ಕಲ್ಲಿನ ಮುಂದೆ ಎರಡು ಚೀಲವಿಟ್ಟು, ಹತ್ತಿರಕ್ಕೆಳೆದಳು. ಮತ್ತೆ ಕೊಂಚ ದೂರ ಸರಿಸಿದಳು. "ಇವರಿಬ್ಬರಿಗೂ ಪರಿಚಯ ಇತ್ತೆ?" ಎಂದು ದಳದ ನಾಯಕಿಯನ್ನು ಕೇಳಿದಳು. ಆಕೆ ಭುಜ ಹಾರಿಸಿದಳು. ಹುಡುಗಿ ಒಂದು ಗಳಿಗೆ ಯೋಚಿಸಿ, ಮತ್ತೆ ಹತ್ತಿರಕ್ಕೇ ಎಳೆದಿಟ್ಟಳು.

ಕತ್ತಲಾಯಿತು. ಗುಡ್ಡವೆಲ್ಲ ಮಂದ ಹಳದಿ. ಕಹಳೆಯವನು ಟ್ಯಾಪ್ಸ್ ಊದಿದ. ಆ ರಾಗವನ್ನು ಅದೇ 1862ರ ಬೇಸಗೆಯಲ್ಲಿ ಹದಗೊಳಿಸಿದ ಬಟರ್‌ಫೀಲ್ಡ್, ಡಿಸೆಂಬರಿನಲ್ಲಿ ಇದೇ ಬಯಲಿಗೆ ತನ್ನ ದಂಡು ತಂದವನು. ಅವನ ದಂಡಿನ ಜ್ಞಾಪಕಸ್ತಂಭವೂ ಇಲ್ಲೇ ಇದೆ. ಊದಿ ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಗಾಳಿ ಎದ್ದಿತು. ಹುಡುಗನೊಬ್ಬ ಆರಿದ ಬತ್ತಿಗಳನ್ನು ಹುಡುಕುತ್ತ ಸಾಲುಸಾಲಾಗಿ ಬರುತ್ತಿದ್ದ. ನನ್ನ ಕಾಲಬಳಿ 5ರ ಕಲ್ಲಿನ ಮುಂದೆ ನಾಲ್ಕು ಮಾತ್ರ ಉರಿಯುತ್ತಿದ್ದವು. ಮಂಡಿಯೂರಿ ಐದನೆಯದನ್ನು ಹಚ್ಚಿದ, ಬೆರಳಿಟ್ಟು ಇನ್ನೊಮ್ಮೆ ಎಣಿಸಿದ, ಮುಂದಿನ ಕಲ್ಲಿಗೆ ಹೋದ.