ಕೋವಿ ಮತ್ತು ಗುರಿ

ಕೋವಿಯ ಹೆಸರೆತ್ತಿದರೆ ನಮ್ಮ ಕಲ್ಹೇರಿನ ಕಡೆಯ ಹಿರಿಯರಿಗೆ ಆಟ ನೆನಪಾಗುತ್ತಿರಲಿಲ್ಲ. 1948ನೆಯ ಇಸವಿ ನೆನಪಾಗುತ್ತಿತ್ತು. ಆಗ ಈ ಸೀಮೆ ನಿಜಾಮರ ಆಳ್ವಿಕೆಯ ಬೀದರ ಜಿಲ್ಲೆಗೆ ಸೇರಿತ್ತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಹೊಕ್ಕಿತು. 17ರಂದು ನಿಜಾಮರು ಶರಣಾದರು. ಅದಕ್ಕೂ ಮುಂಚಿನ ರಜಾಕಾರರ ಹಾವಳಿಯ ದಿನಗಳನ್ನು ನಮ್ಮ ಅಜ್ಜಿ ಹೇಳುತ್ತಿದ್ದಳು: ಸದ್ದು ಕೇಳಿದೊಡನೆ ಅಗುಳಿ ಹಾಕಿ, ಒಲೆಯಾರಿಸಿ, ಮಕ್ಕಳ ಬಾಯಿಗೆ ಸೆರಗೊತ್ತಿ ಕುಳಿತುಕೊಳ್ಳುವುದು. ಮದುವೆಯ ಪಟಾಕಿ ಸಿಡಿದರೂ ಅವಳು ಕಡೆತನಕ ಬೆಚ್ಚುತ್ತಿದ್ದಳು.

ಆದುದರಿಂದ, ಒಲಿಂಪಿಕ್ ಕೂಟಗಳ ಚರಿತ್ರೆಯನ್ನು ಹೇಳುತ್ತಿರುವಾಗ ಹುಡುಗನೊಬ್ಬನು, "ಸರ್, ದಂಡಿನ ಕೋವಿ ಹಿಡಿದು ಆಡುವುದು ಎಂಥ ಆಟ?" ಎಂದು ಕೇಳಿದಾಗ ನಾವು ಕೂಡಲೆ ಉತ್ತರಿಸಲಾರದೆ ಹೋದೆವು.

1912ರ ಸ್ಟಾಕ್‌ಹೋಮ್ ಕೂಟದಲ್ಲಿ ಇಂಥ ಸ್ಪರ್ಧೆಗಳಿದ್ದವು. ಸ್ಪರ್ಧಿ ತನ್ನ ಕೈಗೆ ಹೊಂದಿಸಿ ಮಾಡಿಸಿಕೊಂಡ ಕೋವಿಯಲ್ಲ, ಸಿಪಾಯಿ ಹೆಗಲಿಗೇರಿಸುವ ಕೋವಿಯೇ ಬೇಕು. 300 ಮೀಟರು ದೂರದ ಗುರಿಗೆ ನಿಂತು, ಮಂಡಿಯೂರಿ, ಮಲಗಿ ಹೊಡೆಯಬೇಕು. ಹಂಗೇರಿಯ ಸಾಂದೋರ್ ಪ್ರೊಕೋಪ್ 97 ಅಂಕ ಗಳಿಸಿ ಮೊದಲಿಗನಾದನು. ಅಮೆರಿಕದ ನೌಕಾದಳದ ಅಧಿಕಾರಿ ಕಾರ್ಲ್ ಆಸ್ಬರ್ನ್ 95 ಅಂಕಗಳೊಡನೆ ಎರಡನೆಯವನಾದನು. ಜೋಳದ ಹೊಲದ ಅಟ್ಟದ ಮೇಲೆ ಕವಣೆ ಹಿಡಿದು ಹಕ್ಕಿ ಕಾದವರಿಗೆ ಈ ಎರಡಂಕದ ಬೆಲೆ ತಿಳಿಯದೆ ಇರದು. ಉಸಿರೊಂದು ಅಲುಗಿದರೆ ಕಲ್ಲು ಎಲ್ಲಿಗೋ ಹೋಗುವುದು.

ಎರಡೇ ವರ್ಷ ಕಳೆಯಿತು. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡು, ಅದೇ ಬಗೆಯ ಕೋವಿಗಳೆದುರಿಗೆ ಮನುಷ್ಯರ ಎದೆಗಳು ಬಂದು ನಿಂತವು. 1916ರ ಬರ್ಲಿನ್ ಕೂಟ ನಡೆಯಲೇ ಇಲ್ಲ. 1920ರಲ್ಲಿ ಆಂಟ್‌ವರ್ಪಿನಲ್ಲಿ ಮತ್ತೆ ಸೇರಿದಾಗ ಸೋತ ಜರ್ಮನಿ, ಆಸ್ಟ್ರಿಯಾ, ಹಂಗೇರಿಗಳಿಗೆ ಕರೆಯಿರಲಿಲ್ಲ. ಸೇನಾ ಕೋವಿಯನ್ನು ನಿಂತು ಹೊಡೆಯುವ ಸ್ಪರ್ಧೆಯಲ್ಲಿ ಆಸ್ಬರ್ನ್ ಗೆದ್ದನು; ಹಿಂದೆ ಅವನನ್ನು ಮೀರಿಸಿದವನ ನಾಡಿನವರು ಯಾರೂ ಅಲ್ಲಿರಲಿಲ್ಲ. ಆ ಬಳಿಕ ಸೇನಾ ಕೋವಿಯ ಪ್ರತ್ಯೇಕ ಸ್ಪರ್ಧೆ ಒಲಿಂಪಿಕ್ಸಿನಲ್ಲಿ ನಡೆದಿಲ್ಲ.

ಗುರಿಯ ವಿದ್ಯೆ ಮಾತ್ರ ಅಳಿಯಲಿಲ್ಲ. ನಮ್ಮ ನೆರೆಯ ಹೈದರಾಬಾದಿನ ಗಗನ್ ನಾರಂಗರು 2012ರ ಲಂಡನ್ ಕೂಟದಲ್ಲಿ 10 ಮೀಟರಿನ ಗಾಳಿಕೋವಿಯಿಂದ ಕಂಚು ಗೆದ್ದರು. 2024ರಲ್ಲಿ ಪ್ಯಾರಿಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರೂ ರೈಲ್ವೆ ನೌಕರರೂ ಆದ ಸ್ವಪ್ನಿಲ್ ಕುಸಾಳೆಯವರು 50 ಮೀಟರಿನ ಗುರಿಗೆ ಅದೇ ಮೂರು ಭಂಗಿಗಳಲ್ಲಿ ಹೊಡೆದು ಕಂಚು ತಂದರು.

ಮರುದಿನ ನಾವು ಹುಡುಗನಿಗೆ ಇದನ್ನೆಲ್ಲ ಹೇಳಿ, "ಎದುರಿಗೆ ಹಗೆಯಿಲ್ಲದೆ ಬರಿಯ ಗುರಿಯಿದ್ದರೆ ಅದು ಆಟ" ಎಂದೆವು. ಅವನು ತುಸು ಹೊತ್ತು ಯೋಚಿಸಿ, "ಹಾಗಾದರೆ ಸರ್, ಹಂಗೇರಿಯವರನ್ನು ಯಾಕೆ ಕರೆಯಲಿಲ್ಲ?" ಎಂದನು.

ಗಂಟೆ ಬಾರಿಸಿತು. ಆ ಪ್ರಶ್ನೆಯನ್ನು ನಾವು ಹಲಗೆಯ ಮೇಲೆ ಬರೆದು, ಅಳಿಸದೆ ಹೊರಬಂದೆವು.